ಒಬ್ಬಳ ಕೈಗೆ ಬಗ್ಗದ ಕೂದಲು

ಶಿಕಾರಿಪುರದ ಕುರುಬರ ಕೇರಿಯಲ್ಲಿ ಈಶ್ವರಮ್ಮನ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ‘ಆ ಗುಂಗುರು ತಲೆಯವಳು’ ಎಂದರೆ ಸಾಕು, ಬಾಗಿಲವರೆಗೂ ಬಂದು ತೋರಿಸುತ್ತಿದ್ದರು. ದಪ್ಪ ಕೂದಲು, ಕಪ್ಪು ಕೂದಲು, ಬುಡದಿಂದ ತುದಿಯವರೆಗೆ ಸುರುಳಿ. ಎಷ್ಟು ಹರಳೆಣ್ಣೆ ಸುರಿದರೂ ಕುಡಿದು ಮತ್ತೆ ಮೇಲೆದ್ದು ನಿಲ್ಲುವಂಥದ್ದು. ಮದುವೆಯಲ್ಲಿ ಕಂಕಣ ಕಟ್ಟುವ ಹೊತ್ತಿಗೆ ಉಣ್ಣೆಯ ದಾರ ಸಾಲದೆ ಹೋಯಿತು. ಅವರದು ಉಣ್ಣೆ ಕಂಕಣದ ಮನೆತನ, ಹತ್ತಿಯ ದಾರ ನಡೆಯುವುದಿಲ್ಲ. ಹಿಂದಿನಿಂದ ಯಾರೋ, “ಮದುಮಗಳ ತಲೇಲೇ ಬೇಕಾದಷ್ಟು ಐತಲ್ರಪ್ಪಾ, ಒಂದೆಳೆ ಕಿತ್ಕಳ್ರಿ” ಎಂದರು. ಚಪ್ಪರವೆಲ್ಲ ನಕ್ಕಿತು. ಮದುಮಗ ಲೋಕಪ್ಪನೂ ನಕ್ಕ. ಉಳಿದವರ ನಗುವನ್ನು ಅವಳು ಅಂದೇ ಮರೆತಳು.

ಅವಳ ತವರು ಸೊರಬದ ಕಡೆ, ಕ್ಯಾಸನೂರಿಗೆ ಹತ್ತಿರದ ಒಂದು ಹಳ್ಳಿ. ಅಲ್ಲಿ ಈ ಕೂದಲು ಸುದ್ದಿಯೇ ಆಗಿರಲಿಲ್ಲ, ಏಕೆಂದರೆ ಅವ್ವನದೂ ಅಂಥದೇ. ಅದನ್ನು ಬಾಚುವುದು ಒಬ್ಬರಿಂದಾಗುವ ಕೆಲಸವಲ್ಲ. ತಲೆಗೆ ನೀರು ಹಾಕಿಕೊಂಡ ದಿನ ಅವ್ವ ಹಿಂದೆ ಕೂತು, ಬುಡವನ್ನು ಒಂದು ಕೈಯಲ್ಲಿ ಅದುಮಿ ಹಿಡಿದು, ತುದಿಯಿಂದ ಸಿಕ್ಕು ಬಿಡಿಸುತ್ತ ಬರುವಳು. ಆಮೇಲೆ ಇಬ್ಬರೂ ಜಾಗ ಬದಲಾಯಿಸುವರು. ಮಧ್ಯಾಹ್ನವೆಲ್ಲ ಅದಕ್ಕೇ ಹೋಗುತ್ತಿತ್ತು. ಆಡಬೇಕಾದ ಮಾತುಗಳೂ ಆಗಲೇ ಆಗುತ್ತಿದ್ದವು. ಮುಖ ಕಾಣದಿದ್ದರೆ ಕೆಲವು ಮಾತು ಆಡುವುದು ಸುಲಭ. ಗಂಡು ಗೊತ್ತಾಗಿದೆ ಎಂಬ ಸುದ್ದಿಯನ್ನೂ ಈಶ್ವರಮ್ಮ ಕೇಳಿದ್ದು ಬೆನ್ನ ಹಿಂದಿನಿಂದಲೇ.

ಆ ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಸತ್ತು ಬಿದ್ದ ವರ್ಷ, ಸೌದೆಗೆ ಹೋಗಿ ಬಂದ ಅವ್ವ ಜ್ವರವೆಂದು ಮಲಗಿದವಳು ಏಳಲಿಲ್ಲ. ಶಿಕಾರಿಪುರಕ್ಕೆ ಸುದ್ದಿ ಮುಟ್ಟಿ ಮಗಳು ಬಸ್ಸು ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಈಶ್ವರಮ್ಮನ ತಲೆಯನ್ನು ಯಾರೂ ಮುಟ್ಟಿರಲಿಲ್ಲ.

ಗಂಡನ ಮನೆಯಲ್ಲಿ ಮುಟ್ಟುವವರಾದರೂ ಯಾರಿದ್ದರು? ಅತ್ತೆ ಅವಳು ಬರುವ ಮೊದಲೇ ತೀರಿಕೊಂಡಿದ್ದರು. ಮಾವ ದೊಡ್ಡಬೀರಪ್ಪ ಕುರಿ ಹೊಡೆದುಕೊಂಡು ದಾವಣಗೆರೆಯ ಬಯಲಿಗೆ ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಲೋಕಪ್ಪ ಸೊರಬ, ಸಾಗರದ ಕಡೆಗೆ ಓಡುವ ಬಸ್ಸಿನ ಕಂಡಕ್ಟರ್. ರಾತ್ರಿ ಬಸ್ಸು ಸಾಗರದಲ್ಲೇ ನಿಲ್ಲುವುದರಿಂದ ಮನೆಗೆ ಬರುವುದು ಭಾನುವಾರಕ್ಕೊಮ್ಮೆ. ಉಳಿದ ದಿನ ಅವಳು ಅನ್ನ ಮಾಡಿ, ಒಬ್ಬಳೇ ಉಂಡು, ಪಾತ್ರೆ ತೊಳೆದಿಡುತ್ತಿದ್ದಳು. ಕೆಲವು ದಿನ ಸಂಜೆಯವರೆಗೂ ಬಾಯಿಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಕೈಗೆ ನಿಲುಕಿದಷ್ಟು ಕೂದಲು ಬಾಚಿ, ನಿಲುಕದ್ದನ್ನು ತುರುಬಿನೊಳಗೆ ಮುಚ್ಚಿಡುತ್ತಿದ್ದಳು. ಅಲ್ಲಿ ಹಿಂದೆ, ಕುತ್ತಿಗೆಯ ಮೇಲೆ, ಸಿಕ್ಕು ಗಂಟಾಗುತ್ತಲೇ ಇತ್ತು.

ಲೋಕಪ್ಪ ಕೆಟ್ಟ ಮನುಷ್ಯನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಸೀರೆ ತರುವಾಗ ಬಣ್ಣ ಕೇಳಿಯೇ ತರುತ್ತಿದ್ದ. ಅವನಿಗಿದ್ದ ರೋಗ ಒಂದೇ, ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬುದು. ದಿನಾ ಬಸ್ಸಿನ ತುಂಬ ಆ ನಾಲ್ಕು ಜನರೇ ಸಿಗುತ್ತಿದ್ದುದರಿಂದ ರೋಗ ವಾಸಿಯಾಗಲು ಪುರಸೊತ್ತೇ ಇರಲಿಲ್ಲ.

ಒಂದು ಭಾನುವಾರ ಅವನು ಎಲೆಯಡಿಕೆ ಜಗಿಯುತ್ತ ಬಂದು ಒಂದು ಡಬ್ಬಿ ಕೆಳಗಿಟ್ಟ. ಶಿವಮೊಗ್ಗದಲ್ಲಿ ಸಲೂನು ಇಟ್ಟಿದ್ದ, ಬೊಂಬಾಯಿಯಲ್ಲಿ ಕೆಲಸ ಕಲಿತು ಬಂದಿದ್ದ ಒಬ್ಬನಿಂದ ತಂದದ್ದು. ಒಳಗೆ ಬೆಣ್ಣೆಯಂತೆ ಬಿಳಿ ಔಷಧ, ಮೂಗಿಗೆ ಸುಣ್ಣದ ಘಾಟು.

“ನನ್ನ ಶಿವಮೊಗ್ಗದ ಲೈನಿಗೆ ಹಾಕ್ಯಾರೆ” ಎಂದ ಲೋಕಪ್ಪ. “ಇನ್ನು ಅಲ್ಲೇ ಇರಬೇಕು. ಕೋಣೆ ನೋಡೀನಿ. ದಿನಾ ರಾತ್ರಿ ಮನಿಗೆ ಬರಬಹುದು.”

“ನನ್ನೂ ಕರ್ಕಂಡು ಹೋಗ್ತೀರೇನ್ರೀ?”

“ಅದಕ್ಕೇ ಕಣೇ ಇದು. ನಮ್ಮ ಬಸ್ಸಿನ ಮಾಲೀಕರ ಮನೆಯೋರು ಓಡಾಡೋ ಜಾಗ. ಈ ತಲೆ ಇಟ್ಕಂಡು ಹೆಂಗೆ ಬರ್ತೀಯ? ಇದನ್ನ ಹಚ್ಚಿದ್ರೆ ಎಂಥಾ ಗುಂಗುರು ಕೂದ್ಲೂ ನೇರ ಆಗ್ತದಂತೆ. ಆಮೇಲೆ ಹೋಗಾಣ.”

“ಹಚ್ಚದಿದ್ರೆ?”

“ನೋಡಾಣ” ಎಂದ. ಅವನ ‘ನೋಡಾಣ’ ಎಂದರೆ ಇಲ್ಲ ಎಂದರ್ಥ, ಅದು ಅವಳಿಗೆ ಗೊತ್ತಿತ್ತು.

ಹಚ್ಚುವ ಕ್ರಮವನ್ನೂ ಅವನು ಕೇಳಿ ಬಂದಿದ್ದ. ತನ್ನ ಕೈಯಾರೆ ಹಚ್ಚಿಕೊಳ್ಳುವಂತಿಲ್ಲ. ಇನ್ನೊಬ್ಬರು ಹಿಂದೆ ಕೂತು, ಎಳೆ ಎಳೆಯಾಗಿ ಬಿಡಿಸಿ, ನೆತ್ತಿಗೆ ತಾಗದ ಹಾಗೆ ಹಚ್ಚಬೇಕು. ತಾಗಿದರೆ ಸುಡುತ್ತದೆ.

“ಯಾರು ಹಚ್ಚೋರು?” ಎಂದಳು.

ಎಲೆಯಡಿಕೆ ಬಾಯಲ್ಲೇ ಇಟ್ಟುಕೊಂಡು, “ಬರೋ ಭಾನುವಾರ ನಾನು ಇರ್ತೀನಲ್ಲ, ಹಚ್ಚಾಣ” ಎಂದು ಹೊರಟ.

ಆ ವಾರವೆಲ್ಲ ಡಬ್ಬಿ ಗೂಡಿನಲ್ಲಿತ್ತು, ಅವಳ ಜೀವವೂ ಅದರ ಪಕ್ಕದಲ್ಲೇ ಇತ್ತು. ಹಚ್ಚಿಕೊಂಡರೆ ಅವ್ವನಿಂದ ಬಂದ ಕೂದಲು ಹೋಗುತ್ತದೆ. ಹಚ್ಚಿಕೊಳ್ಳದಿದ್ದರೆ ಈ ಮನೆ, ಈ ಗೋಡೆ, ಈ ಒಂದು ತಟ್ಟೆ. ಮಂಗಳವಾರ ಧೈರ್ಯ ಮಾಡಿ, ಬಾಚುವಾಗ ಉದುರಿದ ಕೂದಲಿಗೆ ಕಡ್ಡಿಯಿಂದ ಒಂದಿಷ್ಟು ಸವರಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದಳು. ಸಲೂನಿನವನು ಸುಳ್ಳು ಹೇಳಿರಲಿಲ್ಲ. ಸುರುಳಿಯೆಲ್ಲ ಬಿಟ್ಟು, ಹುರಿ ಬಿಚ್ಚಿದ ನೂಲಿನಂತೆ ಅದು ಅಂಗೈಯಲ್ಲಿ ಸುಮ್ಮನೆ ಮಲಗಿತು. ಅವಳಿಗೆ ಅಳು ಬಂತು, ಆದರೆ ಹಚ್ಚಿಸಿಕೊಳ್ಳುವುದೆಂಬ ನಿಶ್ಚಯವನ್ನೂ ಆಗಲೇ ಮಾಡಿದಳು.

ನಿಶ್ಚಯ ಮಾಡಿದ್ದು ಶಿವಮೊಗ್ಗದ ಆಸೆಗೆ ಎಂದು ನೀವು ತಿಳಿದರೆ ಅದು ಅರ್ಧ ನಿಜ. ಗಂಡ ಹಿಂದೆ ಕೂರುತ್ತಾನೆ, ತನ್ನ ತಲೆಯನ್ನು ಕೈಯಲ್ಲಿ ಹಿಡಿದು ಎಳೆ ಎಳೆ ಬಿಡಿಸುತ್ತಾನೆ, ಅಷ್ಟು ಹೊತ್ತು ಏನಾದರೂ ಮಾತಾಡಿಯೇ ಆಡುತ್ತಾನೆ. ಅವಳಿಗೆ ಬೇಕಾಗಿದ್ದದ್ದು ಅದು. ಅದಕ್ಕಾಗಿ ಕೂದಲನ್ನೇ ಕೊಡಲು ಸಿದ್ಧಳಾದಳು, ಹುಚ್ಚಿ.

ಭಾನುವಾರ ಬೆಳಗ್ಗೆ ನೆತ್ತಿಗೆ ಎಣ್ಣೆ ಹಚ್ಚಿ, ಕೂದಲು ಬಿಚ್ಚಿ ಹರಡಿಕೊಂಡು, ಮುಂದೊಂದು ಹಿಂದೊಂದು ಮಣೆ ಹಾಕಿ, ಗೋಡೆಗೆ ಮುಖ ಮಾಡಿ ಕೂತಳು. ಲೋಕಪ್ಪ ಬಂದ ಸದ್ದಾಯಿತು. ಹಿಂದಿನ ಮಣೆಯ ಮೇಲೆ ಯಾರೋ ಕೂತರು. ಬಳೆಯ ಸದ್ದು ಕೇಳಿ ತಿರುಗಿ ನೋಡಿದರೆ ಪಕ್ಕದ ಮನೆಯ ತಾಯಮ್ಮ, ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾಳೆ.

“ನೀವು ಹಚ್ಚಾಣ ಅಂದಿದ್ರಿ” ಎಂದಳು ಈಶ್ವರಮ್ಮ, ಗಂಡನ ಕಡೆ ನೋಡಿ.

“ಹಚ್ಚಾಣ ಅಂದ್ನಾ? ಹಚ್ಸಾಣ ಅಂದೆ ಕಣೇ!” ಲೋಕಪ್ಪ ನಕ್ಕ. “ಗಂಡಸಾಗಿ ಹೆಂಗಸರ ತಲೆ ಹಿಡ್ಕಂಡು ಕೂರಾಕಾಗ್ತದಾ? ಯಾರಾದ್ರೂ ನೋಡಿದ್ರೆ ಏನಂದ್ಕಂತಾರೆ? ಇದೊಂದು ದಿನ ತಾಯಮ್ಮ ಹಚ್ತಾರೆ. ಆಮೇಲೆ ಯಾರ ಹಂಗೂ ಇಲ್ಲ, ನೀನೊಬ್ಬಳೇ ಬಾಚ್ಕಬಹುದು.”

ಒಂದು ಅಕ್ಷರದ ವ್ಯತ್ಯಾಸ. ಎಲೆಯಡಿಕೆಯ ನಡುವೆ ನುಂಗಿ ಹೋದ ಆ ಒಂದು ‘ಸ’ದ ಮೇಲೆ ಅವಳು ವಾರವಿಡೀ ಮನೆ ಕಟ್ಟಿದ್ದಳು. ಬಿಚ್ಚಿದ ಕೂದಲನ್ನು ಒಟ್ಟುಗೂಡಿಸಿ ತುರುಬು ಕಟ್ಟಿದಳು.

“ಬ್ಯಾಡ್ರಿ” ಎಂದಳು.

“ಏನು ಬ್ಯಾಡ?”

“ಔಷಧ ಬ್ಯಾಡ.”

ಲೋಕಪ್ಪ ಗದರಿಸಿದ, ಆಮೇಲೆ ಪುಸಲಾಯಿಸಿದ, ಕೊನೆಗೆ ತಾಯಮ್ಮನ ಎದುರಿಗೆ ಮರ್ಯಾದೆ ಹೋಯಿತೆಂದು ಮುಖ ಕೆಂಪಗೆ ಮಾಡಿಕೊಂಡ. “ಹಂಗಾರೆ ಇಲ್ಲೇ ಬಿದ್ದಿರು” ಎಂದು ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ಹೋದ. ಶಿವಮೊಗ್ಗದ ಕೋಣೆಗೆ ಒಬ್ಬನೇ ಹೋದ.

ತಾಯಮ್ಮ ಕೈಗೆ ಸುತ್ತಿದ ಬಟ್ಟೆ ಬಿಚ್ಚುತ್ತ, “ಹುಚ್ಚು ಹುಡುಗಿ, ಬಂದ ಭಾಗ್ಯಾನ ಒದ್ದೆಯಲ್ಲೇ. ಯಾಕೆ ಬ್ಯಾಡ ಅಂದೆ?” ಎಂದಳು.

“ಆಮೇಲೆ ಒಬ್ಬಳೇ ಬಾಚ್ಕಬಹುದು ಅಂದ್ರಲ್ಲ ಅಕ್ಕಾ” ಎಂದಳು ಈಶ್ವರಮ್ಮ. “ಒಬ್ಬಳೇ ಬಾಚ್ಕಳಾಕೆ ಶಿವಮೊಗ್ಗಕ್ಕೆ ಯಾಕೆ ಹೋಗಬೇಕು? ಅದು ಇಲ್ಲೇ ಅದೆಯಲ್ಲ.”

ತಾಯಮ್ಮ ಒಲೆಯ ಮೇಲೆ ಅನ್ನಕ್ಕಿಟ್ಟು ಬಂದಿದ್ದೇನೆ ಎಂದು ಹೇಳಿ ಎದ್ದು ಹೋದಳು.