ಕತ್ತಲ ಕೋಣೆಗೆ ಬಂದ ಕರಡಿಗೆ

ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಮರಗುಂಡಪ್ಪನ ಹೊಟ್ಟೆ ಒಂದು ಕಾಲಕ್ಕೆ ಊರಿನ ಆಸ್ತಿಯಾಗಿತ್ತು. ಮದುವೆಯ ಪಂಕ್ತಿಯಲ್ಲಿ ಅವನು ಕೂತರೆ ಅಡುಗೆಯವರು ಇನ್ನೊಂದು ಒಲೆ ಹೊತ್ತಿಸುತ್ತಿದ್ದರು. ತೇಗಿದರೆ ಗುಡುಗೆಂದು ತಿಳಿದು ಲಿಂಗಸುಗೂರಿನವರು ಒಣಹಾಕಿದ ಮೆಣಸಿನಕಾಯಿ ಒಳಗೆ ತರುತ್ತಿದ್ದರು. ಅಂಥ ಹೊಟ್ಟೆ, ನಿಜಾಮನ ಆಳ್ವಿಕೆ ಮುಗಿದ ನಾಲ್ಕನೆಯ ವರ್ಷ, ಅರ್ಧ ರೊಟ್ಟಿಯನ್ನೂ ಬಾಗಿಲಿನಿಂದಲೇ ತಿರುಗಿ ಕಳಿಸತೊಡಗಿತು. ದೀಪಾವಳಿಗೆ ಹೊಲಿಸಿದ ಅಂಗಿಯಲ್ಲಿ ಯುಗಾದಿಗೆ ಇಬ್ಬರು ಹಿಡಿಸುತ್ತಿದ್ದರು.

ಲಿಂಗಸುಗೂರಿನಲ್ಲಿ ಒಬ್ಬ ಡಾಕ್ಟರು ಎಕ್ಸ್‌ರೇ ಯಂತ್ರ ತಂದಿದ್ದರು. ಅದಕ್ಕೆ ಕರೆಂಟು ಕೊಡುವ ಎಂಜಿನು ಶುರುವಾದರೆ ಹಟ್ಟಿ ಗಣಿಯ ಬಂಗಾರವೂ ಬೆಚ್ಚಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆಂದು ಜನ ಹೇಳುತ್ತಿದ್ದರು. ಒಂದು ಮುಂಜಾನೆ ಅಮರಗುಂಡಪ್ಪ ಹೆಂಡತಿ ವೀರಭದ್ರಮ್ಮನೊಡನೆ ಅಲ್ಲಿಗೆ ಹೋದ. ಕಂಪೌಂಡರ್ ದಾದೇಸಾಬ ಬಾಗಿಲಲ್ಲೇ ತಡೆದ.

"ರಾತ್ರಿಯಿಂದ ಏನೂ ತಿಂದಿಲ್ಲಲ್ರೀ ಸಾವಕಾರ್ರ? ನೀರು? ಎಲಿ-ಅಡಿಕಿ?"

"ಆರು ತಿಂಗಳಿಂದ್ಲೇ ತಿಂದಿಲ್ಲ," ಎಂದಳು ವೀರಭದ್ರಮ್ಮ. "ಉಪಾಸಕ್ಕ ನಿಮ್ಮ ಅಪ್ಪಣಿ ಬ್ಯಾರೆ ಬೇಕೇನು?"

"ಬಿಳಿ ಮದ್ದು ಕುಡಸ್ತೀವ್ರಿ. ಸುಣ್ಣ ಕಲಿಸಿದಂಗ ಇರ್ತೈತಿ, ರುಚಿ ಕೇಳಬ್ಯಾಡ್ರಿ. ಅದು ಹೆಂಗ ಇಳೀತೈತಂತ ಡಾಕ್ಟರು ಕತ್ತಲಾಗ ನೋಡ್ತಾರ. ಮಗ್ಗಲಾಗ್ರಿ ಅಂದ್ರ ಆಗ್ರಿ, ಉಸರು ಹಿಡೀರಿ ಅಂದ್ರ ಹಿಡೀರಿ. ನೋವಿಲ್ಲ. ಆಮ್ಯಾಲೆ ನೀರು ಭಾಳ ಕುಡೀರಿ, ಇಲ್ಲಂದ್ರ ಒಳಗ ಗ್ವಾಡಿ ಕಟ್ಟಿಬಿಡ್ತೈತಿ! ಎರಡು ದಿನ ಬೆಳ್ಳಗ ಹೊಂಟ್ರ ಅಂಜಬ್ಯಾಡ್ರಿ." ನಗುತ್ತಲೇ ದಾದೇಸಾಬ ಅವನ ಎದೆಯತ್ತ ಬೆರಳು ತೋರಿಸಿದ. "ಆ ಬೆಳ್ಳಿ ಕರಡಿಗಿ ತೆಗೀರಿ. ನೆಳ್ಳು ಬೀಳ್ತೈತಿ."

ಅಮರಗುಂಡಪ್ಪ ಎರಡೂ ಕೈಯಿಂದ ಕರಡಿಗೆ ಮುಚ್ಚಿಕೊಂಡ. ಅದರೊಳಗೆ ಹುಟ್ಟಿದಾಗ ಕಟ್ಟಿದ ಇಷ್ಟಲಿಂಗವಿತ್ತು. ಅದು ಮೈ ಬಿಟ್ಟರೆ ಜೀವ ಬಿಟ್ಟಂತೆಯೇ. ಮಣ್ಣಿಗಿಡುವಾಗಲೂ ಅದು ಜೊತೆಗೇ ಹೋಗಬೇಕು.

"ಹೊಟ್ಟಿ ತೋರ್ಸಾಕ ಬಂದೀನಿ, ಸಾಯಾಕಲ್ಲ," ಎಂದ.

"ಲಿಂಗ ಅಂಗೈಯಾಗ ಹಿಡಕೊಳ್ರೀ," ಎಂದಳು ವೀರಭದ್ರಮ್ಮ. "ಪೂಜಿ ಮಾಡೂಮುಂದ ಅಲ್ಲೇ ಇರ್ತೈತಲ್ಲ? ಬೆಳ್ಳಿ ಅಷ್ಟ ನನಗ ಕೊಡ್ರಿ."

ಒಳಗೆ, ಕಣ್ಣು ಕತ್ತಲಿಗೆ ಒಗ್ಗಲೆಂದು ಡಾಕ್ಟರು ಕೆಂಪು ಕನ್ನಡಕ ಹಾಕಿ ಕೂತಿದ್ದರು. ಯಮನಿಗೆ ಕಣ್ಣು ಬಂದಿದೆಯೆಂದೇ ಅಮರಗುಂಡಪ್ಪ ತಿಳಿದ. ದೀಪ ಆರಿತು. ಬಾಚಿ ಚೀಲಕ್ಕೆ ತುಂಬುವಷ್ಟು ದಪ್ಪನೆಯ ಕತ್ತಲು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಲೋಟ. ಲಿಂಗಕ್ಕೆ ಅರ್ಪಿಸದೆ ಅವನು ಏನನ್ನೂ ಬಾಯಿಗಿಟ್ಟವನಲ್ಲ. ಆ ಸುಣ್ಣದ ನೀರನ್ನೂ ಅರ್ಪಿಸಿಯೇ ಕುಡಿದ. ಅವನು ಒರಗಿದ್ದ ಹಲಗೆ ವಾಲಿತು. ಹಸಿರು ಹೊಳಪಿನ ಗಾಜಿನ ಮುಂದೆ ಡಾಕ್ಟರು ಬಗ್ಗಿದರು.

"ಎಡಕ್ಕ ಹೊಳ್ಳ್ರಿ. ಉಸರು ಹಿಡೀರಿ."

ಡಾಕ್ಟರು ಗಾಜಿಗೆ ಇನ್ನಷ್ಟು ಹತ್ತಿರ ಬಾಗಿದರು. ಬಹಳ ಹೊತ್ತಿನ ಮೇಲೆ ಮತ್ತೆ, "ಎಡಕ್ಕ."

ದೀಪ ಹತ್ತಿದಾಗ ವೀರಭದ್ರಮ್ಮನನ್ನೂ ಒಳಗೆ ಕರೆದರು.

"ಮದ್ದು ಕೆಳಗ ಇಳೀವಲ್ದು," ಎಂದರು ಡಾಕ್ಟರು. "ಹೊಟ್ಟಿ ಕೆಳಬಾಯಾಗ ಗಂಟೈತಿ. ಹೈದರಾಬಾದಿಗೆ ಹೋಗಿ ಕೊಯ್ಸಬೇಕು, ತಡ ಮಾಡಬ್ಯಾಡ್ರಿ. ಅಲ್ಲಿ ಎಚ್ಚರ ತಪ್ಪಸ್ತಾರ, ಏನೂ ತಿಳಿಯಂಗಿಲ್ಲ."

"ಎಚ್ಚರ ತಪ್ಪಿದ್ರ ಮುಷ್ಟಿ ಸಡ್ಲಾಗ್ತೈತಲ್ರೀ. ಆಗ ಇದನ್ನ ಹಿಡ್ಯಾವ್ರು ಯಾರು?" ಲಿಂಗ ಹಿಡಿದ ಕೈ ತೋರಿಸಿ ಕೇಳಿದ ಅಮರಗುಂಡಪ್ಪ.

ಡಾಕ್ಟರು ಚೀಟಿ ಬರೆಯಲು ಕಾಗದ ಎಳೆದುಕೊಂಡರು.

"ನೀ ಹಿಡೀತಿಯೇನ?" ಅಮರಗುಂಡಪ್ಪ ಹೆಂಡತಿಯನ್ನು ಕೇಳಿದ.

"ನಂದು ನನ್ನ ಕೊರಳಾಗೈತಿ," ಎಂದಳು ಅವಳು. "ನಿಮ್ಮದು ಇನ್ನೊಬ್ರ ಕೈಗೆ ಬರೂದು ಒಂದೇ ಹೊತ್ತಿನ್ಯಾಗ, ಮಣ್ಣಿಗಿಡೂಮುಂದ. ಆ ಹೊತ್ತು ನನ್ನ ಕೈಲೆ ತರಸಬ್ಯಾಡ್ರಿ."

ಹೊರಗೆ ಎಂಜಿನು ನಿಂತಿತು.

"ಹೈದರಾಬಾದಿಗೆ ಚೀಟಿ ಬರೀಲೇನ್ರೀ?" ಡಾಕ್ಟರು ಕೇಳಿದರು.

ಅಮರಗುಂಡಪ್ಪ ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಿಂಗವನ್ನು ಹೆಂಡತಿ ಚಾಚಿದ ಕರಡಿಗೆಯಲ್ಲಿಟ್ಟು, ಮುಚ್ಚಳ ಒತ್ತಿ ಕೊರಳಿಗೆ ಹಾಕಿಕೊಂಡ.

"ಮಸ್ಕಿ ಮೋಟಾರು," ಎಂದ, "ಎಷ್ಟೊತ್ತಿಗೆ ಐತ್ರೀ?"