ಅಕ್ಕನ ಮನೆಗೆ ದಾಟಿಸಿದ ಏಳು ಮರಿಗಳು

ಹುಷಾರಾಗಿರುವ ಕೋಳಿಮರಿ ದಿನವಿಡೀ ಚೀಂಗುಟ್ಟಿ ತಲೆ ತಿನ್ನುತ್ತದೆ. ಕಾಯಿಲೆ ಬಿದ್ದದ್ದು ಸದ್ದೇ ಮಾಡುವುದಿಲ್ಲ. ಬಿದಿರ ಮಂಕರಿಯ ಅಂಚಿಗೆ ಸರಿದು, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತದೆ. ಕೊಕ್ಕರೆ ರೋಗ ಎಂಬ ಹೆಸರು ಎಲ್ಲರಿಗೂ ಗೊತ್ತು, ಆದರೆ ನಮ್ಮ ಕೇರಿಯಲ್ಲಿ ಯಾರೂ ಅದನ್ನು ಬಾಯಿಗೆ ತರುವುದಿಲ್ಲ. ಕೋಳಿ ತೂಕಡಿಸುತ್ತಿದೆ ಎನ್ನುತ್ತೇವೆ, ಅಷ್ಟೆ. ಹೆಸರು ಎತ್ತಿದರೆ ಅದು ಮನೆಗೇ ಬರುತ್ತದಂತೆ. ಎತ್ತದಿದ್ದರೂ ಬರುತ್ತದೆ.

ಮೊದಲೇ ಲಸಿಕೆ ಹಾಕಿಸಬಹುದಿತ್ತು. ಒಂದು ಸೀಸೆ ಒಡೆದರೆ ನೂರು ಕೋಳಿಗೆ ಆಗುತ್ತದೆ, ಕಲಸಿದ ಮೇಲೆ ಉಳಿಸಿಡಲು ಬರುವುದಿಲ್ಲ, ಕೇರಿಯವರೆಲ್ಲ ಸೇರಿ ಒಂದು ದಿನ ಗೊತ್ತುಮಾಡಿ ಎಂದು ಪಶು ಆಸ್ಪತ್ರೆಯಲ್ಲಿ ಹೇಳಿದ್ದರು. ನನಗಿದ್ದದ್ದು ಎರಡು ಹೇಂಟೆ, ಹದಿನಾಲ್ಕು ಮರಿ. ನೂರು ಸೇರಿಸಬೇಕಾದರೆ ಪಕ್ಕದ ಮನೆಯವಳ ಬಾಗಿಲಿಗೂ ಹೋಗಬೇಕಿತ್ತು. ನನ್ನ ಹೇಂಟೆ ಅವಳ ಕನಕಾಂಬರದ ಪಾತಿ ಕೆದರಿತೆಂದು ಅವಳು ಬೀದಿಯಲ್ಲಿ ನಿಂತು ನನ್ನ ಮಾನ ಹರಾಜು ಹಾಕಿದ್ದಳು. ಅಂಥವಳ ಮುಂದೆ ಹೋಗಿ ನಾನು ನಿಲ್ಲುವುದೇ? ಹೋಗಲಿಲ್ಲ. ಬೇರೆಯವರೂ ತಮ್ಮ ತಮ್ಮ ಜಂಬದಲ್ಲಿ ಮನೆಯಲ್ಲೇ ಕೂತರು.

ಕಾಯಿಲೆ ಮೊದಲು ಅವಳ ಕೋಳಿಗಳಿಗೆ ಬಂತು. ಒಳಗೊಳಗೇ ನನಗೆ ಖುಷಿಯಾಯಿತು. ಆ ಖುಷಿ ಮೂರು ದಿನವೂ ಉಳಿಯಲಿಲ್ಲ. ನನ್ನ ಹಿತ್ತಲಲ್ಲೂ ಹಸಿರು ಹಿಕ್ಕೆ ಕಾಣಿಸಿತು. ಒಂದು ಮರಿಯ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿತು. ಕಾಳಿಗೆ ಕೊಕ್ಕು ಹಾಕಿದರೆ ಅದು ಬೆನ್ನ ಕಡೆಗೇ ಹೋಗುತ್ತಿತ್ತು. ರಟ್ಟಿನ ಪೆಟ್ಟಿಗೆಗೆ ಬಲ್ಬು ಇಳಿಬಿಟ್ಟು ಬಿಸಿ ಕೊಟ್ಟೆ. ಬೆಳ್ಳುಳ್ಳಿ, ಅರಿಸಿನ, ಮೆಣಸು ಅರೆದು ಉಂಡೆ ಮಾಡಿ ಕೊಕ್ಕು ಬಿಡಿಸಿ ತುರುಕಿದೆ. ಬಟ್ಟೆಯ ತುದಿಯಿಂದ ರಾಗಿ ಗಂಜಿ ಹನಿಸಿದೆ. ಮೂರು ವರ್ಷದಿಂದ ನನ್ನ ಕಾಲು ಸುತ್ತುತ್ತಿದ್ದ ಕಪ್ಪು ಹೇಂಟೆ ನನ್ನ ಮಡಿಲಲ್ಲೇ ಬಾಯಿ ತೆರೆದು ತೆರೆದು ಸತ್ತಿತು. ಇನ್ನೊಂದು ಹೇಂಟೆಯೂ ಹೋಯಿತು, ಏಳು ಮರಿಗಳೂ ಹೋದವು. ಉಳಿದ ಏಳು ಮರಿಗಳು ಮಾತ್ರ ಓಡಾಡಿಕೊಂಡು, ನುಚ್ಚು ತಿಂದುಕೊಂಡು ಚೆನ್ನಾಗೇ ಇದ್ದವು, ಅಥವಾ ಹಾಗೆಂದು ನಾನು ನಂಬಿದೆ.

ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವುದು ಒಂದೇ. ಉಳಿದ ಮರಿಗಳನ್ನು ಬೇರೆ ಊರಿನ ನೆಂಟರ ಮನೆಗೆ ದಾಟಿಸುತ್ತಾರೆ. ಜಾಗ ಬದಲಾದರೆ ಬದುಕುತ್ತವೆ ಎಂದು ನಂಬಿಕೆ. ನಮ್ಮ ಅಮ್ಮನೂ ದಾಟಿಸುತ್ತಿದ್ದಳು. ಅವು ಬದುಕಿದವೋ ಇಲ್ಲವೋ, ಆ ನೆಂಟರ ಹಿತ್ತಲು ಏನಾಯಿತೋ, ಕೇಳಿದವರೇ ಇಲ್ಲ. ನಾನೂ ಕೇಳಿದವಳಲ್ಲ.

ನನ್ನ ಅಕ್ಕನನ್ನು ಕೊಟ್ಟಿರುವುದು ಬೇತಮಂಗಲಕ್ಕೆ. ಆಗ ಅವಳ ಮಗಳು ಹೆರಿಗೆಗೆ ಬಂದು, ಗಂಡುಮಗು ಹೆತ್ತು ಇನ್ನೂ ಎಂಟು ದಿನ. ಬಾಣಂತಿಗೆ ಮೊಟ್ಟೆಗೆ, ಮೆಣಸಿನ ಸಾರಿಗೆ ಎಂದು, ಮಗಳು ಬಸುರಿಯೆಂದು ತಿಳಿದಂದಿನಿಂದ ಅಕ್ಕ ನಾಟಿ ಕೋಳಿ ಸಾಕುತ್ತಾ ಬಂದಿದ್ದಳು. ಇಪ್ಪತ್ತಕ್ಕೂ ಹೆಚ್ಚಿದ್ದವು. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಏಳು ಮರಿಗಳನ್ನು ಬುಟ್ಟಿಗೆ ಹಾಕಿ, ಮೇಲೆ ಹಳೆ ಸೀರೆ ಕಟ್ಟಿ ಹೊರಟೆ.

ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸು ಬದಲಾಯಿಸಿದೆ. ಪಕ್ಕದಲ್ಲಿ ಕೂತ ಮುದುಕಿ ಸೀರೆಯ ಸಂದಿಯಿಂದ ಇಣುಕಿ, “ಒಣ್ಣು ತೂಂಗುದು ಪಾರಮ್ಮಾ” ಎಂದಳು. ಒಂದು ಮರಿ ತೂಕಡಿಸುತ್ತಿದೆ ನೋಡು ಎಂದು ತಮಿಳಿನಲ್ಲಿ ಹೇಳಿದ್ದು. ಬಸ್ಸಿನ ಕುಲುಕಾಟಕ್ಕೆ ಯಾರಿಗಾದರೂ ನಿದ್ದೆ ಬರುತ್ತದೆ, ನಿನ್ನ ಕೆಲಸ ನೋಡಿಕೋ ಎಂದು ಅವಳ ಮೇಲೆ ಎಗರಿದೆ. ಆಮೇಲೆ ಬುಟ್ಟಿಯೊಳಗೆ ನಾನು ಒಮ್ಮೆಯೂ ನೋಡಲಿಲ್ಲ. ಬೇತಮಂಗಲ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಅಕ್ಕ ಮಗುವಿಗೆ ನೀರು ಹಾಕಲು ಹಂಡೆಗೆ ಉರಿ ಹಾಕುತ್ತಿದ್ದಳು. ಬುಟ್ಟಿ ನೋಡಿದ್ದೇ ಎದ್ದು ಬಂದಳು. ಒಳಗೆ ಕರೆಯುವ ಮುಂಚೆ ಒಂದೇ ಮಾತು ಕೇಳಿದಳು.

“ನಿಮ್ಮೂರಾಗೆ ಕೋಳಿ ಗೀಳಿ ತೂಕಡಿಸ್ತಿಲ್ಲ ತಾನೆ?”

“ಏನಿಲ್ಲ ಕಣಕ್ಕ. ಮುಂಗುಸಿ ಕಾಟ, ಅದ್ಕೇ ತಂದೆ.”

ಅವಳು ನನ್ನ ಮುಖ ನೋಡಿದಳು. ಸ್ವಂತ ತಂಗಿಯ ಮಾತಲ್ಲವೇ, ಬುಟ್ಟಿ ಬಿಚ್ಚಿ ಮರಿಗಳನ್ನು ತನ್ನ ಕೋಳಿಗಳ ನಡುವೆ ಬಿಟ್ಟಳು, ಅಂಗೈಯಲ್ಲಿ ನುಚ್ಚು ಹಿಡಿದಳು. ನಾನು ಬಾಣಂತಿಯ ಪಕ್ಕ ಕೂತು ಕೋಳಿಸಾರು ಅನ್ನ ಉಂಡೆ. ಚೆನ್ನಾಗಿದೆ ಎಂದು ಎರಡನೆಯ ಸಲ ಹಾಕಿಸಿಕೊಂಡೆ.

ಎರಡು ವಾರ ಕಳೆದು ಮತ್ತೆ ಹೋದಾಗ ಹಿತ್ತಲು ಗುಡಿಸಿಟ್ಟಂತಿತ್ತು. ಒಂದೇ ಒಂದು ಕೋಳಿ ಇಲ್ಲ. ಕೆರೆಯ ಕಡೆಯ ಬೇಲಿಗೆ ಹೊಂದಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದ್ದಳು. ಒಲೆಯ ಮೇಲೆ ಅಂಗಡಿಯ ಫಾರಂ ಕೋಳಿ ಬೇಯುತ್ತಿತ್ತು. ಅದರ ವಾಸನೆ ಬಾಣಂತಿಗೆ ಹಿಡಿಸುತ್ತಿಲ್ಲ, ತಟ್ಟೆ ಸರಿಸಿಬಿಡುತ್ತಾಳೆ ಎಂದು ಅಕ್ಕ ಹೇಳಿದಳು. ಮೊದಲು ಸತ್ತದ್ದು ನಿನ್ನ ಮರಿ ಎಂದು ಹೇಳಲಿಲ್ಲ. ನೀನು ಸುಳ್ಳು ಹೇಳಿದೆ ಎಂದೂ ಹೇಳಲಿಲ್ಲ. ಕಾಫಿ ಕೊಟ್ಟಳು. ನನಗೆ ಅವಳ ಮೇಲೆಯೇ ಸಿಟ್ಟು ಬಂತು. ನಾಲ್ಕು ಮಾತು ಬೈದಿದ್ದರೆ ನಾನೂ ನಾಲ್ಕು ಬೈದು, ಜಗಳ ಮಾಡಿಕೊಂಡು ಎದ್ದು ಬಂದು ಹಗುರಾಗುತ್ತಿದ್ದೆ. ಆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನನಗೆ ಜೀವ ಹೋದಂತಾಯಿತು.

ಒಂದು ವರ್ಷ ಕಳೆಯಿತು. ನಾನು ಹೊಸ ಹೇಂಟೆ ತಂದು ಕಾವು ಕೂರಿಸಿ ಹನ್ನೊಂದು ಮರಿ ಮಾಡಿಸಿದ್ದೆ. ಅಕ್ಕನೂ ಎಲ್ಲಿಂದಲೋ ನಾಲ್ಕು ಎಳೆ ಹೇಂಟೆ ತಂದು ಮತ್ತೆ ಶುರುಮಾಡಿದ್ದಳು. ಮಗುವಿನ ಹುಟ್ಟಿದ ದಿನಕ್ಕೆ ನಾನು ಬೇತಮಂಗಲಕ್ಕೆ ಹೊರಡಬೇಕಿತ್ತು. ಹಿಂದಿನ ದಿನ ಬೆಳಿಗ್ಗೆಯೇ ಅವಳ ಫೋನು ಬಂತು.

“ನಾಳೆ ಬರ್ಬ್ಯಾಡ ಕಣೇ. ಇಲ್ಲಿ ಕೋಳಿಗೆ ಕಾಯಿಲೆ ಬಂದದೆ, ನಂದು ಎರಡು ಓದ್ವು. ನಿನ್ನ ಚಪ್ಲಿಗೆ ಸೀರೆಗೆ ಅಂಟ್ಕಂಡು ಬಂದ್ರೆ ನಿನ್ನ ಮರಿಗಳೂ ಓಗ್ಬುಡ್ತಾವೆ. ಗೊತ್ತಿದ್ದೂ ಯೇಳ್ದೆ ಇರಕ್ಕಾಯ್ತದಾ?”

ಅಷ್ಟು ಹೇಳಿಯೂ ಅವಳು ಫೋನು ಇಡಲಿಲ್ಲ. ಅವಳ ಉಸಿರು ಕೇಳುತ್ತಿತ್ತು, ಹಿಂದೆ ಮಗು ತಟ್ಟೆ ಬಡಿಯುವುದು ಕೇಳುತ್ತಿತ್ತು. ಅವಳು ಕಾಯುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಅವತ್ತು ಮುಂಗುಸಿ ಎಂದದ್ದು ಸುಳ್ಳು ಎಂಬ ಮಾತು ನಾಲಿಗೆಯ ತುದಿಗೆ ಬಂತು.

“ಸರಿ ಕಣಕ್ಕ, ಒಲೆ ಮೇಲೆ ಆಲು ಉಕ್ತಾ ಅದೆ” ಎಂದು ಫೋನು ಇಟ್ಟುಬಿಟ್ಟೆ. ಒಲೆಯನ್ನು ನಾನಿನ್ನೂ ಹಚ್ಚಿರಲಿಲ್ಲ.