ಪಟಗದಲ್ಲಿ ಕಟ್ಟಿದ ಕುಬಸದ ಬುತ್ತಿ

ಹೋದ ವರ್ಷ ಹುಕ್ಕೇರಿಗೆ ಕೊಟ್ಟ ನನ್ನ ಮಗಳು ಶೈಲಾಳ ಕುಬಸ, ಅಂದರೆ ಸೀಮಂತವಿತ್ತು. ಏಳು ತಿಂಗಳ ಬಸುರಿಗೆ ತವರಿನ ಬುತ್ತಿ ಮಧ್ಯಾಹ್ನದ ಆರತಿಯೊಳಗೆ ಮುಟ್ಟಬೇಕು. ನಮ್ಮ ಮನೆತನದಲ್ಲಿ ಆ ಬುತ್ತಿಯನ್ನು ದಾರಿಯಲ್ಲಿ ಬಿಚ್ಚುವುದಿಲ್ಲ, ನೆಲಕ್ಕೂ ಇಡುವುದಿಲ್ಲ. ಬಸ್ಸಿನ ಗದ್ದಲದಲ್ಲಿ ಬುಟ್ಟಿ ಯಾಕೆಂದು ನಾನೇ ಜಾಣತನ ಮಾಡಿ, ಹೋಳಿಗೆ, ಉಂಡಿ, ರೊಟ್ಟಿಯ ಡಬ್ಬಿಗಳನ್ನೆಲ್ಲ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದೆ.

ನಾನೂ ನಮ್ಮ ಯಜಮಾನರೂ ಕುಲಗೋಡದಿಂದ ಬಂದು ಗೋಕಾಕದಲ್ಲಿ ಬಸ್ಸು ಬದಲಿಸುವಾಗ, ಪ್ಲಾಸ್ಟಿಕ್ ತಪಾಸಣೆಯ ಹುಡುಗಿಯೊಬ್ಬಳು ಅಡ್ಡ ಬಂದಳು. ಮೈಮೇಲೆ ಖಾಕಿ ಅಂಗಿ.

"ಕಾಕಾ, ಈ ಚೀಲಾ ನಡಿಯೂದಿಲ್ರಿ. ಇಲ್ಲೆ ಬಿಡಬೇಕು."

ಯಜಮಾನರಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ನೀ ಏನ್ ಪೊಲೀಸೇನವಾ? ಕುಬಸದ ಬುತ್ತಿ ಐತಿ ಇದು!"

"ಪೊಲೀಸ ಅಲ್ರಿ. ನಿಮ್ಮನ್ನ ಹಿಡದ ನಿಂದ್ರಸಾಕ, ಬುತ್ತಿ ಮುಟ್ಟಾಕ ನನಗ ಹಕ್ಕಿಲ್ಲ. ಚೀಲಾ ಅಷ್ಟ ತಗೋತೇನಿ."

ಅವಳು ದನಿ ಏರಿಸಲಿಲ್ಲ, ಜಗ್ಗಲೂ ಇಲ್ಲ. ಅತ್ತ ಹುಕ್ಕೇರಿ ಬಸ್ಸಿನ ಕಂಡಕ್ಟರ್ ಸೀಟಿ ಊದುತ್ತಿದ್ದ. ಇದು ತಪ್ಪಿದರೆ ಆರತಿ ತಪ್ಪಿದಂತೆಯೇ. ನನಗೆ ಅಳು ಬಂತು.

ಯಜಮಾನರು ನನ್ನ ಮುಖ ನೋಡಿ, ಸರ‍್ರನೆ ತಲೆಯ ಪಟಗ ಬಿಚ್ಚಿದರು. ಮಲಗುವವರೆಗೆ ಅದನ್ನು ಇಳಿಸದ ಮನುಷ್ಯ! ಬೀಗರ ಮನೆಗೆ ಬರಿದಲೆಯಲ್ಲಿ ಹೋಗುವುದೆಂದರೆ ಅವರಿಗೆ ಮಾನ ಬಿಟ್ಟಂತೆ. ಆ ಹುಡುಗಿಯೇ ಪಟಗದ ಒಂದು ತುದಿ ನೆಲಕ್ಕೆ ತಾಗದಂತೆ ಎತ್ತಿ ಹಿಡಿದಳು. ಡಬ್ಬಿಗಳನ್ನು ಗಂಟು ಕಟ್ಟಿದೆವು. ಅವಳು ಖಾಲಿ ಚೀಲವನ್ನಷ್ಟೇ ತೆಗೆದುಕೊಂಡು, "ಲಗೂ ಹತ್ತರ‍್ರಿ" ಎಂದಳು.

ದಾರಿಯುದ್ದಕ್ಕೂ ಯಜಮಾನರು ಗಂಟನ್ನು ತೊಡೆಯ ಮೇಲೆ ಹಿಡಿದು ಕುಳಿತರು. ಬೀಗರ ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಮಣೆಯ ಮೇಲೆ ಕುಳಿತಿದ್ದ ಶೈಲಾ ಗಾಬರಿಯಾದಳು.

"ಅಪ್ಪಾ, ಪಟಗಾ ಎಲ್ಲೆ?"

"ಅದರಾಗ ನಿನ್ನ ಬುತ್ತಿ ಐತೆವಾ."

ಮಗಳು ಗಂಟನ್ನು ಉಡಿಯಲ್ಲಿಟ್ಟುಕೊಂಡು ಅತ್ತೇಬಿಟ್ಟಳು. ಅವಳ ಮಾವ ಎದ್ದರು. ತಮ್ಮ ಪಟಗವನ್ನೂ ಬಿಚ್ಚಿ ಗೂಟಕ್ಕೆ ಹಾಕಿ, ಬರಿದಲೆಯಲ್ಲೇ ಯಜಮಾನರ ಪಕ್ಕಕ್ಕೆ ಬಂದು ಕುಳಿತರು. "ಆರತಿ ಸುರು ಮಾಡರ‍್ರಿ" ಎಂದರು. ಆಮೇಲೆ ಯಾರೂ ನಗಲಿಲ್ಲ.

ಆ ಖಾಕಿ ಅಂಗಿಯ ಹುಡುಗಿಯ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವಳು ಹೋಗಲಿ ಎಂದು ಬಿಟ್ಟಿದ್ದರೆ ಬುತ್ತಿ ಚೀಲದಲ್ಲೇ ಮುಟ್ಟುತ್ತಿತ್ತು. ನನ್ನ ಮಗಳನ್ನು ಎಂಥವರ ಮನೆಗೆ ಕೊಟ್ಟಿದ್ದೇನೆಂಬುದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ.